ವರ್ಕ್‌ಹೌಸಿನ ವೃದ್ಧರು

ಮುಪ್ಪು ಯಾರಿಗೂ ತಪ್ಪಿದ್ದಲ್ಲ. ಆದರೆ ಮುಪ್ಪಿನೊಡನೆ ಬರುವ ದೈನ್ಯವೂ ಅಷ್ಟೇ ಅನಿವಾರ್ಯವೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಈಚಿನ ಎರಡು ಶತಮಾನಗಳ ಚರಿತ್ರೆಯು ಕೊಡುವ ಉತ್ತರವು ಮನನಯೋಗ್ಯವಾದುದು.

1834ರಲ್ಲಿ ಆ ದೇಶದ ಪಾರ್ಲಿಮೆಂಟು ಅಂಗೀಕರಿಸಿದ ಬಡವರ ಕಾಯಿದೆಯು, ದುಡಿಯಬಲ್ಲ ನಿರ್ಗತಿಕನು ನೆರವನ್ನು ಬೇಡುವುದಾದರೆ ವರ್ಕ್‌ಹೌಸೆಂಬ ಆವರಣದೊಳಕ್ಕೆ ಬಂದೇ ಪಡೆಯತಕ್ಕದ್ದೆಂದೂ, ಅಲ್ಲಿನ ಬಾಳು ಹೊರಗಿನ ಅತಿ ಬಡ ಕೂಲಿಕಾರನ ಬಾಳಿಗಿಂತಲೂ ಕಷ್ಟತರವಾಗಿರತಕ್ಕದ್ದೆಂದೂ ಒಂದು ತತ್ತ್ವವನ್ನು ಪ್ರತಿಷ್ಠಾಪಿಸಿತು. ಮೈಗಳ್ಳರನ್ನು ಅಂಜಿಸಲೆಂದು ಹೂಡಿದ ಈ ಉಪಾಯದ ಪೆಟ್ಟು, ಜೀವಮಾನವೆಲ್ಲ ದುಡಿದು ಕೈಕಾಲು ಸೋತ ಮುದುಕರ ಮೇಲೆಯೂ ಬಿದ್ದಿತು. ಒಳಹೊಕ್ಕವನು ಸ್ವಂತ ಉಡುಪನ್ನು ಕಳಚಿ ಸಂಸ್ಥೆಯ ಸಮವಸ್ತ್ರವನ್ನು ತೊಡಬೇಕು. ಗಂಡನು ಒಂದು ಅಂಕಣಕ್ಕೆ, ಹೆಂಡತಿಯು ಮತ್ತೊಂದಕ್ಕೆ. ಸತ್ತ ಮೇಲೆ ಶವವನ್ನು ಕೇಳುವವರಿಲ್ಲದಿದ್ದರೆ, 1832ರ ಮತ್ತೊಂದು ಶಾಸನದ ಮೇರೆಗೆ, ಅದನ್ನು ವೈದ್ಯಶಾಲೆಯ ಛೇದನಕ್ಕೆ ಒಪ್ಪಿಸಬಹುದಾಗಿತ್ತು. ಬಡವರು ಮರಣಕ್ಕಿಂತ ಹೆಚ್ಚಾಗಿ ಆ ಹೆಬ್ಬಾಗಿಲಿಗೆ ಹೆದರಿದುದರಲ್ಲಿ ಆಶ್ಚರ್ಯವೇನು?

ಚಾರ್ಲ್ಸ್ ಬೂತ್ ಎಂಬ ಹಡಗುವ್ಯಾಪಾರಿಯು ಲಂಡನ್ನಿನ ಬಡತನವನ್ನು ಬೀದಿಬೀದಿಯಾಗಿ ಅಳೆದು, ವೃದ್ಧರ ದಾರಿದ್ರ್ಯಕ್ಕೆ ಕಾರಣವು ಅವರ ದುರ್ಗುಣವಲ್ಲವೆಂಬುದನ್ನು ಅಂಕಿಗಳಿಂದ ಸ್ಥಾಪಿಸಿ, ಪಿಂಚಣಿಗಾಗಿ ವಾದಿಸಿದನು. 1908ರ ಶಾಸನದಂತೆ, ಮರುವರ್ಷದ ಜನವರಿ 1ರಿಂದ, 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗಿನವರೆಗೆ ಅಂಚೆಕಚೇರಿಯಲ್ಲಿ ದೊರೆಯತೊಡಗಿತು. ಮೊತ್ತವು ಅಲ್ಪವೇ; ಆದರೂ ಮುದುಕರು ಯಾರ ಮುಂದೆಯೂ ಕೈಯೊಡ್ಡದೆ, ಹಕ್ಕಿನಿಂದ ಪಡೆದ ಹಣವದು.

1948ರ ಜುಲೈ 5ರಂದು ಬಡವರ ಕಾಯಿದೆಯು ಕೊನೆಗೊಂಡಿತು. ವರ್ಕ್‌ಹೌಸುಗಳಿಗೆ ಬದಲಾಗಿ ಚಿಕ್ಕ ಚೊಕ್ಕ ವಸತಿಗೃಹಗಳು ಏಳುವುವೆಂದು ಸಚಿವ ಅನ್ಯೂರಿನ್ ಬೆವನ್ ಆಶ್ವಾಸನೆಯಿತ್ತಿದ್ದನು. ಆ ಆಶ್ವಾಸನೆಯು ಏನಾಯಿತೆಂಬುದನ್ನು ಕಣ್ಣಾರೆ ಕಂಡು ಹೇಳಿದಾತನು ಪೀಟರ್ ಟೌನ್‌ಸೆಂಡ್. 1928ರಲ್ಲಿ ಜನಿಸಿದ ಈ ಸಮಾಜಶಾಸ್ತ್ರಜ್ಞನು ಮೊದಲು ಲಂಡನ್ನಿನ ಬೆತ್ನಲ್ ಗ್ರೀನ್ ಕೇರಿಯಲ್ಲಿ ಮನೆಮನೆಗೆ ಹೋಗಿ ವೃದ್ಧರೊಡನೆ ಮಾತನಾಡಿ, ಮಕ್ಕಳು ಅವರನ್ನು ಕೈಬಿಟ್ಟಿಲ್ಲವೆಂಬುದನ್ನು 1957ರಲ್ಲಿ ತೋರಿಸಿದ್ದನು. ಅನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 173 ವೃದ್ಧಾಲಯಗಳನ್ನು ಸಂದರ್ಶಿಸಿ, 1962ರಲ್ಲಿ 'ದಿ ಲಾಸ್ಟ್ ರೆಫ್ಯೂಜ್' ಗ್ರಂಥವನ್ನು ಪ್ರಕಟಿಸಿದನು. ಹೆಸರು ಮಾತ್ರ ಬದಲಾಗಿ, ಎತ್ತರದ ಗೋಡೆಯೂ ಕಮಾನಿನ ಬಾಗಿಲೂ ಹಾಗೆಯೇ ಉಳಿದಿದ್ದ ಹಳೆಯ ವರ್ಕ್‌ಹೌಸುಗಳು ಅವನಿಗೆ ಎದುರಾದುವು. ಒಳಗೆ ಒತ್ತೊತ್ತಾಗಿ ಮಂಚಗಳು, ಗೋಡೆಗೆ ಬೆನ್ನು ಕೊಟ್ಟ ಕುರ್ಚಿಗಳ ಸಾಲು, ಆ ಕುರ್ಚಿಗಳಲ್ಲಿ ಮಾಡಲು ಏನೂ ಇಲ್ಲದೆ ಕುಳಿತ ಮುದುಕರು. ಸ್ವಂತದ್ದೆಂದು ಹೇಳಿಕೊಳ್ಳಲು ಅವರ ಬಳಿ ಇದ್ದ ವಸ್ತುಗಳು ತೀರ ಕಡಮೆ. ಅವರಲ್ಲಿ ಹಲವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಾಗಿದ್ದರು. ಅವರನ್ನು ಅಲ್ಲಿಗೆ ತಂದದ್ದು ರೋಗಕ್ಕಿಂತ ಮಿಗಿಲಾಗಿ ಬಡತನ, ಮನೆಯಿಲ್ಲದಿರುವಿಕೆ, ಒಂಟಿತನ.

ದೌರ್ಬಲ್ಯವನ್ನು ಪ್ರಕೃತಿಯು ತರಬಹುದು, ಪರಾಧೀನತೆಯನ್ನು ತರುವುದು ಸಮಾಜವೆಂಬ ಈ ಅರಿವೇ ಆತನ ಮುಂದಿನ ಕೃಷಿಗೆಲ್ಲ ಬುನಾದಿಯಾಯಿತು. ಆರೋಗ್ಯದಲ್ಲಿನ ಅಸಮಾನತೆಯನ್ನು ಪರಿಶೀಲಿಸಲು ಸರ್ಕಾರವು ನೇಮಿಸಿದ್ದ, ಸರ್ ಡಗ್ಲಸ್ ಬ್ಲ್ಯಾಕ್ ಅಧ್ಯಕ್ಷತೆಯ ಸಮಿತಿಯಲ್ಲಿ ಟೌನ್‌ಸೆಂಡನೂ ಸದಸ್ಯನಾಗಿದ್ದನು. ಚಿಕಿತ್ಸೆಯು ಎಲ್ಲರಿಗೂ ಉಚಿತವಾಗಿ ಮೂವತ್ತು ವರ್ಷಗಳು ಸಂದಿದ್ದರೂ, ಕುಶಲವೃತ್ತಿಯಿಲ್ಲದ ಕೂಲಿಕಾರನು ನಿವೃತ್ತಿಯ ವಯಸ್ಸಿಗೆ ಮುನ್ನವೇ ಸಾಯುವ ಸಂಭವವು ವಕೀಲ ವೈದ್ಯರಂಥವರಿಗಿಂತ ಎರಡೂವರೆಪಟ್ಟು ಇದೆಯೆಂದು ಆ ಸಮಿತಿಯು 1980ರಲ್ಲಿ ವರದಿ ಮಾಡಿತು. ಸರ್ಕಾರವು ಅದರ ಸುಮಾರು 260 ಪ್ರತಿಗಳನ್ನು ಮಾತ್ರ, ಆಗಸ್ಟಿನ ರಜೆಯ ದಿನಗಳ ಹೊತ್ತಿನಲ್ಲಿ ಸದ್ದಿಲ್ಲದೆ ಹೊರಡಿಸಿ, ಅದರ ಸಲಹೆಗಳಿಗೆ ತಗಲುವ ವೆಚ್ಚವು ಅಸಾಧ್ಯವೆಂದು ಬದಿಗಿಟ್ಟಿತು. 1982ರಲ್ಲಿ ಟೌನ್‌ಸೆಂಡನೂ ಅವನ ಸಹಸಂಪಾದಕನೂ ಅದನ್ನು ಜನಸಾಮಾನ್ಯರ ಕೈಗೆ ನಿಲುಕುವ ಪುಸ್ತಕವನ್ನಾಗಿಸಿದರು.

ನಮ್ಮ ಊರುಗಳಲ್ಲಿಯೂ ವೃದ್ಧಾಶ್ರಮಗಳು ಏಳುತ್ತಿರುವ ಈ ಕಾಲದಲ್ಲಿ, ಅಲ್ಲಿಗೆ ಹಣ್ಣುಹಂಪಲು ಹಿಡಿದು ಹೋಗುವ ಸಹೃದಯರು ಕೆಲವು ಪ್ರಶ್ನೆಗಳನ್ನೂ ಕೇಳಲಿ: ದಂಪತಿಗಳಿಗೆ ಒಂದೇ ಕೋಣೆಯುಂಟೇ? ಪ್ರತಿಯೊಬ್ಬರಿಗೂ ಬೀಗವುಳ್ಳ ಒಂದು ಪೆಟ್ಟಿಗೆಯುಂಟೇ? ಮನಸ್ಸಾದಾಗ ಹೊರಗೆ ಹೋಗಿಬರುವ ಸ್ವಾತಂತ್ರ್ಯವುಂಟೇ? ಅದಕ್ಕೂ ಮೊದಲು, ಇವರು ಇಲ್ಲಿಗೆ ಬರಬೇಕಾದುದೇಕೆ?