ಶಿವನಸಮುದ್ರದಿಂದ ಪಾವಗಡದವರೆಗೆ: ಎರಡು ಕಾಲಂಗಳ ಕಥೆ

ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ್ದು 2003–04ರಲ್ಲಿ. ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದರು. ಎಡಗಡೆ ‘ಸಾಂಪ್ರದಾಯಿಕ ಶಕ್ತಿ ಮೂಲಗಳು’, ಬಲಗಡೆ ‘ಅಸಾಂಪ್ರದಾಯಿಕ ಶಕ್ತಿ ಮೂಲಗಳು’ ಎಂದು ಬರೆದರು. ಎಡಗಡೆ ಕಲ್ಲಿದ್ದಲು, ಪೆಟ್ರೋಲಿಯಂ, ಜಲವಿದ್ಯುತ್, ಅಣುಶಕ್ತಿ. ಬಲಗಡೆ ಸೌರಶಕ್ತಿ, ಪವನಶಕ್ತಿ, ಜೈವಿಕ ಅನಿಲ, ಉಬ್ಬರವಿಳಿತ. “ವ್ಯತ್ಯಾಸ ಬರೆಯಿರಿ ಅಂತ ನಾಲ್ಕು ಅಂಕಕ್ಕೆ ಬಂದೇ ಬರುತ್ತೆ, ಬಾಯಿಪಾಠ ಮಾಡ್ಕೊಳ್ಳಿ” ಎಂದರು. ಮಾಡಿಕೊಂಡೆ. ಅದನ್ನು ಬಾಯಿಪಾಠ ಮಾಡಿದ್ದು ಸೀಮೆಎಣ್ಣೆ ಲಾಟೀನಿನ ಬೆಳಕಿನಲ್ಲಿ, ಏಕೆಂದರೆ ಸಂಜೆ ಆರಕ್ಕೆ ಹೋದ ಕರೆಂಟು ಒಂಬತ್ತಾದರೂ ಬಂದಿರಲಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಆ ಎರಡು ಕಾಲಂಗಳೇ ನೆನಪಾದವು. ಇಲ್ಲಿಂದ ಹೋದ ಮೇಲೆ ತುಮಕೂರಿನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿದೆ. ಕೆಲಸ ಸಿಕ್ಕಿದ್ದು ಮಾತ್ರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ವಿದ್ಯುತ್ತಿನ ಬಗ್ಗೆ ಕಲಿತದ್ದು ಹೊಟ್ಟೆಪಾಡಿಗೆ ಬಳಕೆಯಾಗಲಿಲ್ಲ, ಆದರೆ ಆಸಕ್ತಿ ಹೋಗಲಿಲ್ಲ. ಅಂದು ನಾಲ್ಕು ಅಂಕಕ್ಕೆ ಬರೆದ ಉತ್ತರದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದನ್ನು ನಮ್ಮ ನಾಡಿನ ಇತಿಹಾಸದ ಮೂಲಕವೇ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಯಾವುದು ಸಂಪ್ರದಾಯ?

ಮೊದಲಿಗೆ ಆ ಹೆಸರುಗಳೇ ವಿಚಿತ್ರ. ನಮ್ಮ ಅಜ್ಜಿ ಕಡಲೆಕಾಯಿ ಒಣಗಿಸುತ್ತಿದ್ದುದು ಬಿಸಿಲಿಗೆ. ರಾಗಿ ತೂರಲು ಕಣದಲ್ಲಿ ಗಾಳಿಗಾಗಿ ಕಾಯುತ್ತಿದ್ದರು. ಅಡುಗೆ ಬೆರಣಿಯಲ್ಲಿ, ಜಾಲಿ ಸೌದೆಯಲ್ಲಿ. ಅವರ ಪಾಲಿಗೆ ಬಿಸಿಲು, ಗಾಳಿ, ಸಗಣಿ ಇವೇ ಸಂಪ್ರದಾಯ. ಮನೆಯ ತೊಲೆಗೆ ನೇತುಬಿದ್ದ ಬಲ್ಬು ನಿನ್ನೆ ಮೊನ್ನೆಯದು. ಪುಸ್ತಕದಲ್ಲಿ ಮಾತ್ರ ಇದು ಪೂರ್ತಿ ತಿರುಗುಮುರುಗು. ನಾವು ‘ಸಾಂಪ್ರದಾಯಿಕ’ ಎಂದು ಕರೆಯುವ ವಿದ್ಯುತ್ತಿಗೆ ನಮ್ಮ ರಾಜ್ಯದಲ್ಲಿ ಇರುವುದು ಸುಮಾರು 120 ವರ್ಷಗಳ ಚರಿತ್ರೆ ಅಷ್ಟೇ.

ಊರ ಮೇಲೆ ಹಾದುಹೋದ ತಂತಿ

ಆ ಚರಿತ್ರೆ ಶುರುವಾಗುವುದು ಕಾವೇರಿಯ ಶಿವನಸಮುದ್ರದಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಆ ಯೋಜನೆಯಿಂದ 1902ರಲ್ಲಿ ವಿದ್ಯುತ್ ಹರಿಯಿತು. ಹರಿದದ್ದು ಎಲ್ಲಿಗೆ? ಪಕ್ಕದ ಹಳ್ಳಿಗಲ್ಲ, ಮೈಸೂರಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ತಂತಿ ಯಾವ ಹೊಲಗಳ ಮೇಲೆ ಹಾದುಹೋಯಿತೋ ಆ ಹೊಲಗಳ ಒಡೆಯರು ಬುಡ್ಡಿದೀಪದಲ್ಲೇ ಬದುಕು ಮುಗಿಸಿದರು. ಹಣ ಬರುತ್ತಿದ್ದುದು ಗಣಿಯಿಂದ. ಹಾಗಾಗಿ ಕರೆಂಟು ಗಣಿಗೆ ಹೋಯಿತು.

ಶಿವನಸಮುದ್ರದಲ್ಲಿ ಬೇಗನೆ ಒಂದು ತೊಂದರೆ ಕಾಣಿಸಿತು. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಿತ್ತು. ಗಣಿಗೆ ಕರೆಂಟು ವರ್ಷವಿಡೀ ಬೇಕು. ಆದ್ದರಿಂದ ನೀರನ್ನು ಹಿಡಿದಿಟ್ಟು ಬೇಕಾದಾಗ ಬಿಡುವ ವ್ಯವಸ್ಥೆ ಆಗಬೇಕಾಯಿತು. 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟನ್ನು ನಾವು ಮಂಡ್ಯದ ಕಬ್ಬು, ಭತ್ತದ ಜೊತೆ ನೆನೆಯುತ್ತೇವೆ. ಆದರೆ ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಕೊಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. “ಸೂರ್ಯ ರಾತ್ರಿ ಇರುವುದಿಲ್ಲ, ಸೌರಶಕ್ತಿಯನ್ನು ನಂಬಲಾಗದು” ಎಂದು ಇಂದು ಹೇಳುವವರು ಈ ಸಂಗತಿ ನೆನಪಿಡಬೇಕು. ‘ನಂಬಿಕಸ್ಥ’ ಜಲವಿದ್ಯುತ್ತಿಗೂ ಆರಂಭದಲ್ಲಿ ಇದೇ ಕೊರತೆ ಇತ್ತು. ಅದನ್ನು ನೀಗಿಸಿದ್ದು ಸಂಗ್ರಹಣೆ. ಆ ಸಂಗ್ರಹಣೆಗಾಗಿ ಊರುಗಳು ಮುಳುಗಿದವು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಕಲ್ಲಿದ್ದಲಿಗೆ ಇಲ್ಲದ ಈ ಆಯುಷ್ಯವೇ ಹರಿಯುವ ನೀರಿನ ದೊಡ್ಡ ಗುಣ.

ಮುಳುಗಿದ ಊರು, ಉರಿದ ಕಲ್ಲಿದ್ದಲು

ಆಮೇಲಿನ ದೊಡ್ಡ ಅಧ್ಯಾಯ ಶರಾವತಿಯದು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರ ಲಿಂಗನಮಕ್ಕಿ ಅಣೆಕಟ್ಟು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನೀರಿನಡಿ ಮಾಡಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಬಹಳ ಕಾಲ ನಾಡಿನ ದೀಪಗಳು ಉರಿದದ್ದು ಅದರ ಬಲದಿಂದ. ಹೊಗೆ ಇಲ್ಲ, ಇಂಧನ ಕೊಳ್ಳುವ ಖರ್ಚಿಲ್ಲ. ಆದರೆ ಸಾಗರ, ಹೊಸನಗರ ಸೀಮೆಯಲ್ಲಿ ಮನೆ ಮಠ, ಅಡಕೆ ತೋಟ ಬಿಟ್ಟು ಲಾರಿ ಹತ್ತಿದವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಸಮಸ್ಯೆ 60 ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಎಡ ಕಾಲಂನಲ್ಲಿ ‘ಜಲವಿದ್ಯುತ್: ಅಗ್ಗ, ಶುದ್ಧ’ ಎಂದು ಬರೆದಾಗ ನಮಗೆ ಇದು ಗೊತ್ತಿರಲಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಇಡೀ ರಾಜ್ಯಕ್ಕೆ ಕತ್ತಲೆ ಕವಿಯುತ್ತಿತ್ತು. ನೀರನ್ನೇ ನಂಬಿದರೆ ಆಗದೆಂದು ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರ ಬಂತು. 1985ರಲ್ಲಿ ಮೊದಲ 210 ಮೆಗಾವ್ಯಾಟ್ ಘಟಕ ಶುರುವಾಗಿ, ಮುಂದೆ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್‌ಗೆ ಏರಿತು. ಕಲ್ಲಿದ್ದಲಿನ ಗುಣವನ್ನು ಒಪ್ಪಲೇಬೇಕು: ಮಳೆ ಇರಲಿ ಬಿಡಲಿ, ಹಗಲಿರಲಿ ಇರುಳಿರಲಿ, ಬೇಕೆಂದಾಗ ಕರೆಂಟು ಕೊಡುತ್ತದೆ. ಅದರ ಬೆಲೆಯನ್ನೂ ಲೆಕ್ಕ ಹಾಕೋಣ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಅಂಥ ಒಂದೇ ಘಟಕ ಒಂದು ದಿನ ಪೂರ್ತಿ ಓಡಿದರೆ ಮೂರು ಸಾವಿರ ಟನ್‌ಗೂ ಹೆಚ್ಚು, ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲು ತುಂಬುವಷ್ಟು ಕಲ್ಲಿದ್ದಲು ಉರಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ. ಜೊತೆಗೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಇಂಗಾಲದ ಡೈಆಕ್ಸೈಡ್. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಎಲ್ಲವೂ ಹೊರಗಿನಿಂದ ರೈಲಿನಲ್ಲಿ ಬರಬೇಕು. 2000ದಲ್ಲಿ ಕೈಗಾ ಅಣುಸ್ಥಾವರವೂ ಕೆಲಸ ಆರಂಭಿಸಿತು. ಇಷ್ಟಾದರೂ 2004ರಲ್ಲಿ ನನ್ನ ಓದಿಗೆ ಲಾಟೀನೇ ಗತಿ.

ಪುರ ಎಂಬ ಊರಿನ ಪಾಠ

ಈಗ ಬಲ ಕಾಲಂಗೆ ಬರೋಣ. ನಮ್ಮ ಶಾಲೆ ಶುರುವಾದ 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದರು. ಹಳ್ಳಿಗೆ ಏನು ಬೇಕೆಂದು ಹಳ್ಳಿಯಲ್ಲೇ ತಿಳಿದುಕೊಂಡು ಅದಕ್ಕೆ ತಕ್ಕ ತಂತ್ರಜ್ಞಾನ ರೂಪಿಸುವುದು ಅದರ ಗುರಿ. ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲರು. ಅವರ ಇನ್ನೊಂದು ಪ್ರಯೋಗ ನಡೆದದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ.

ಊರಿನ ದನಗಳ ಸಗಣಿಯಿಂದ ಅಡುಗೆ ಅನಿಲ ಮಾಡುವುದು ಮೊದಲ ಯೋಚನೆ. ಆದರೆ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. ಇದ್ದಷ್ಟು ಅನಿಲದಲ್ಲಿ ಏನು ಮಾಡಬೇಕೆಂದು ನೋಡಿದಾಗ ಕುಡಿಯುವ ನೀರು ಮತ್ತು ದೀಪ ಮೊದಲು ಎಂದಾಯಿತು. 1987ರಿಂದ ಆ ಅನಿಲಕ್ಕೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಚಿಲ್ಲರೆ ಹಣ, ಜೊತೆಗೆ ಗೊಬ್ಬರ ವಾಪಸ್. ಯಂತ್ರ ನೋಡಿಕೊಂಡವರು ಊರ ಹುಡುಗರೇ. ಲೆಕ್ಕಪತ್ರ ಊರ ಸಮಿತಿಯದು. ವರ್ಷಗಳ ಕಾಲ ಚೆನ್ನಾಗಿ ನಡೆದ ಆ ವ್ಯವಸ್ಥೆ ಕೊನೆಗೆ ನಿಂತಿತು. ಯಂತ್ರ ಕೂರಿಸುವುದಕ್ಕಿಂತ ಊರು ಒಗ್ಗಟ್ಟಾಗಿ ಅದನ್ನು ನಡೆಸಿಕೊಂಡು ಹೋಗುವುದು ಕಷ್ಟ. ನನ್ನ ಮಟ್ಟಿಗೆ ಪುರದ ದೊಡ್ಡ ಪಾಠ ಬೇರೆ: ಇರುವ ಶಕ್ತಿ ಯಾವುದಕ್ಕೆ ಮೊದಲು ಎಂದು ಅಲ್ಲಿ ಕೇಳಿದರು. ಶಿವನಸಮುದ್ರದಲ್ಲಿ ಆ ಪ್ರಶ್ನೆಯನ್ನು ಹಳ್ಳಿಯವರ ಮುಂದೆ ಯಾರೂ ಇಟ್ಟಿರಲಿಲ್ಲ.

ನಮ್ಮ ಬಿಸಿಲಿಗೆ ಬಾಡಿಗೆ

ಪಾವಗಡದ ಬಿಸಿಲಿನ ಬಗ್ಗೆ ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಗುಳೆ. ನೀರು ಕುಡಿದರೆ ಫ್ಲೋರೈಡ್. ಆ ಬಿಸಿಲೇ ಒಂದು ದಿನ ಬೆಳೆಯಾಗುತ್ತದೆಂದು ಯಾರು ಅಂದುಕೊಂಡಿದ್ದರು? ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. ಉದ್ಘಾಟನೆ 2018ರ ಮಾರ್ಚ್‌ನಲ್ಲಿ, ಪೂರ್ಣ ಸಾಮರ್ಥ್ಯ 2050 ಮೆಗಾವ್ಯಾಟ್.

ಇಲ್ಲಿ ಒಂದು ಮುಖ್ಯ ಬದಲಾವಣೆ ಇದೆ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಲಿಂಗನಮಕ್ಕಿಯ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಆ ಕಡೆ ಆರು ಎಕರೆ ಇರುವ ನನ್ನ ಸೋದರಮಾವನಿಗೆ ಮೊದಲ ವರ್ಷ ಬಂದದ್ದು 1,26,000 ರೂಪಾಯಿ. “ಮಳೆ ಬಂತಾ ಅಂತ ಆಕಾಶ ನೋಡೋದು ತಪ್ಪಿತಪ್ಪ” ಎಂದು ಅವರು ನಕ್ಕರು.

ಆದರೆ ನನ್ನ ಜೊತೆ ಇದೇ ಶಾಲೆಯಲ್ಲಿ, ಇದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನೊಬ್ಬನ ಮನೆಯವರಿಗೆ ಒಂದು ಗುಂಟೆಯೂ ನೆಲವಿರಲಿಲ್ಲ. ಅವನ ತಾಯಿ ಆ ಹೊಲಗಳಲ್ಲೇ ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದವರು. ಹೊಲ ಹೋದ ಮೇಲೆ ಕೂಲಿಯೂ ಹೋಯಿತು. ನೆಲವಿಲ್ಲದವರಿಗೆ ಬಾಡಿಗೆ ಬರುವುದಿಲ್ಲ. ಪ್ಯಾನೆಲ್ ಒರೆಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ, ಎಲ್ಲರಿಗೂ ಅಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಗೆಳೆಯ ಈಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ. ಒಮ್ಮೆ ಸಿಕ್ಕಾಗ ಹೇಳಿದ: “ನಮ್ಮೂರ ಬಿಸಿಲು ನಮಗಿಂತ ಮುಂಚೆ ಬೆಂಗಳೂರಿಗೆ ಬಂದಿದೆ ಕಣೋ.” ನಾನೂ ನಕ್ಕೆ. ಆದರೆ ಆ ಮಾತು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ತಾಂತ್ರಿಕವಾಗಿಯೂ ನಿಜ ಹೇಳಬೇಕು. 2050 ಮೆಗಾವ್ಯಾಟ್ ಎಂಬುದು ಸುಡು ಮಧ್ಯಾಹ್ನದ ಲೆಕ್ಕ. ರಾತ್ರಿ, ಮೋಡ ಎಲ್ಲ ಕಳೆದರೆ ವರ್ಷದ ಸರಾಸರಿಯಲ್ಲಿ ಸೌರ ಘಟಕ ತನ್ನ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಮಾತ್ರ ಕೊಡುತ್ತದೆ. ಮಧ್ಯಾಹ್ನ ಹೆಚ್ಚಾಗಿ, ಸಂಜೆ ಎಲ್ಲರ ಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಇಲ್ಲವಾಗುತ್ತದೆ. ಹಾಗಾಗಿ ಸಂಜೆಗೆ ಇಂದಿಗೂ ಶರಾವತಿ, ರಾಯಚೂರು ಬೇಕು. ಬ್ಯಾಟರಿ ಅಥವಾ ಪಂಪ್ಡ್ ಸ್ಟೋರೇಜ್ ಬೇಕು. ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಾಡು ಹೋಗುತ್ತದೆಂಬ ವಿರೋಧವೂ ಇದೆ. ಕನ್ನಂಬಾಡಿಯ ಕಾಲದ ಪ್ರಶ್ನೆ ಮತ್ತೆ ಬಂದು ನಿಂತಿದೆ.

ಇನ್ನೊಂದು ಲಾಭವನ್ನು ಮಾತ್ರ ನಾನು ಮರೆಯಲಾರೆ. ನನ್ನ ಬಾಲ್ಯದಲ್ಲಿ ತ್ರೀಫೇಸ್ ಬರುತ್ತಿದ್ದುದು ನಡುರಾತ್ರಿ. ಅಪ್ಪ ಟಾರ್ಚು, ಕೋಲು ಹಿಡಿದು ಮೋಟಾರ್ ಹಾಕಲು ಹೊರಡುತ್ತಿದ್ದರು. ಹಾವಿನ ಭಯಕ್ಕೆ ಅವರು ವಾಪಸ್ ಬರುವವರೆಗೆ ಅಮ್ಮ ಮಲಗುತ್ತಿರಲಿಲ್ಲ. ಹಗಲು ಸೌರ ವಿದ್ಯುತ್ ಹೆಚ್ಚಿದ ಮೇಲೆ ಪಂಪ್‌ಸೆಟ್ಟುಗಳಿಗೆ ಹಗಲಲ್ಲೇ ಕರೆಂಟು ಕೊಡಲು ಸಾಧ್ಯವಾಗಿದೆ. ಅಪ್ಪ ಈಗ ಬೆಳಗಿನ ಕಾಫಿ ಕುಡಿದು ತೋಟಕ್ಕೆ ಹೋಗುತ್ತಾರೆ. ಯಾವ ಅಂಕಿಅಂಶಕ್ಕಿಂತ ನನಗೆ ಇದು ದೊಡ್ಡದು.

ಮೂರನೆಯ ಕಾಲಂ

ಹಾಗಾದರೆ ಯಾವ ಕಾಲಂ ಮೇಲು? ಕಲ್ಲಿದ್ದಲು ಕಡಿಮೆಯಾಗಲೇಬೇಕು, ಬಿಸಿಲು ಗಾಳಿ ಹೆಚ್ಚಲೇಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೂಲ ಶುದ್ಧವಾದ ಮಾತ್ರಕ್ಕೆ ಹಂಚಿಕೆ ನ್ಯಾಯವಾಗುವುದಿಲ್ಲ. ಶರಾವತಿಯ ನೀರೂ ಶುದ್ಧವೇ ಆಗಿತ್ತು.

ಆದ್ದರಿಂದ ಇಂದು ಇದೇ ಬೆಂಚುಗಳಲ್ಲಿ ಕೂತಿರುವ ತಮ್ಮ ತಂಗಿಯರಲ್ಲಿ ಒಂದು ಕೋರಿಕೆ. ಪರೀಕ್ಷೆಗೆ ಎರಡು ಕಾಲಂ ಬರೆಯಿರಿ, ನಾಲ್ಕು ಅಂಕ ಬಿಡಬೇಡಿ. ಮನೆಗೆ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರನೆಯ ಗೆರೆಯೊಂದನ್ನು ಎಳೆದುಕೊಳ್ಳಿ. ಅಲ್ಲಿ ಬರೆಯಿರಿ: ನೆಲ ಯಾರದು, ದುಡಿಮೆ ಯಾರದು, ಬೆಳಕು ಯಾರಿಗೆ? ಹಿರಿಯ ವಿದ್ಯಾರ್ಥಿಗಳಲ್ಲೂ ಒಂದು ಮಾತು. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ ಎಂಬ ಮಾತಿದೆ ಎಂದು ಕೇಳಿದೆ. ಅದರ ಬದಲು ಶಾಲೆಯ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ಹಾಕಿಸಿ, ಅದನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಊರ ಹುಡುಗರಿಗೇ ವಹಿಸೋಣ. ನನ್ನ ಪಾಲಿನ ಹಣ ನಾನು ಕೊಡುತ್ತೇನೆ. ಹತ್ತನೆಯ ತರಗತಿಯ ಮಕ್ಕಳು ಸಂಜೆ ಇಲ್ಲೇ ಕೂತು ಓದಲಿ. ನಮ್ಮೂರ ಬಿಸಿಲಿನಲ್ಲಿ ಸ್ವಲ್ಪವಾದರೂ ನಮ್ಮೂರಿನ ಮಕ್ಕಳಿಗೆ ಉಳಿಯಲಿ.