ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ: ವಾಸನೆ ಗೊತ್ತಾಗದವನ ಸೋಪಿನ ಚರಿತ್ರೆ

ಈ ವಾರದ ಕಥೆ ಶುರುವಾಗೋದು ಹಸಿರು ಮಾರ್ಗದ ಮೆಟ್ರೋದಲ್ಲಿ.

ನಾನು ಹತ್ತೋದು ನಾಗಸಂದ್ರದಲ್ಲಿ. ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ಎಲ್ಲಾ ಆದ ಮೇಲೆ ಆ ಅನೌನ್ಸ್‌ಮೆಂಟ್ ಬರುತ್ತೆ: ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಬಾಗಿಲು ತೆಗೆದಾಗ ಒಂದೊಂದು ಸಲ ಯಾರಾದ್ರೂ ‘ಆಹಾ, ಗಂಧ!’ ಅಂತಾರೆ. ನಾನೂ ತಲೆಯಾಡಿಸ್ತೀನಿ. ನಿಜ ಹೇಳ್ಬೇಕಂದ್ರೆ ನನಗೇನೂ ಬರಲ್ಲ. 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂತು, ವಾಸಿಯಾಯ್ತು. ವಾಸನೆ ಮಾತ್ರ ವಾಪಸ್ ಬರಲಿಲ್ಲ.

ಊಟದ ರುಚಿ ಅರ್ಧ ಹೋಗಿದ್ದಕ್ಕೆ ಹೇಗೋ ಹೊಂದಿಕೊಂಡೆ. ತಲೆನೋವಾಗಿದ್ದು ಬಚ್ಚಲುಮನೆಯ ಶೆಲ್ಫು. ಒಂದಿನ ಡಿಯೋ ಹಾಕಿದ್ದು ಮರೆತು ಮತ್ತೆ ಹಾಕ್ಕೊಂಡಿದ್ದೀನಿ, ಮೇಲೆ ಪೌಡರು, ತಲೆಗೆ ಮಲ್ಲಿಗೆ ಪರಿಮಳದ ಎಣ್ಣೆ. ಮೆಟ್ರೋದಲ್ಲಿ ಪಕ್ಕ ಕೂತಿದ್ದ ಆಂಟಿ ಸೆರಗನ್ನ ಮೂಗಿಗೆ ಹಿಡಿದು, ‘ಏನಪ್ಪಾ, ಮದುವೆಗೆ ಹೊರಟ್ಯಾ?’ ಅಂದ್ರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಎಲ್ಲಾ ವಾಸನೆ ಇಲ್ಲದ್ದೇ ತಗೋಬೇಕು ಅಂತ.

ಮನೆ ಹತ್ತಿರದ ಅಂಗಡಿಗೆ ಹೋಗಿ ‘ವಾಸನೆ ಇಲ್ಲದ ಸೋಪು ಕೊಡಿ’ ಅಂದೆ. ಅಂಗಡಿಯವರಿಗೆ ಬೇಜಾರಾಯ್ತು. ‘ನಮ್ಮಲ್ಲಿ ಯಾವ ಸೋಪೂ ವಾಸನೆ ಬರಲ್ಲ ಸಾರ್, ಎಲ್ಲಾ ಘಮ ಘಮ ಅನ್ನುತ್ತೆ!’ ತಪ್ಪು ಅವರದ್ದಲ್ಲ. ಆಡುಮಾತಲ್ಲಿ ವಾಸನೆ ಅಂದ್ರೆ ಎಷ್ಟೋ ಸಲ ಕೆಟ್ಟ ವಾಸನೆ ಅಂತಲೇ ಅರ್ಥ. ಇನ್ನು ಒಳ್ಳೇ ಪದ ‘ಗಂಧ’ ತಗೊಂಡ್ರೆ, ಅದು ಪರಿಮಳಕ್ಕೂ ಹೆಸರು, ಶ್ರೀಗಂಧದ ಮರಕ್ಕೂ ಹೆಸರು. ಸ್ನಾನ ಮಾಡಿದ ಮೈ ಏನೂ ವಾಸನೆ ಇಲ್ಲದೆ ಸುಮ್ಮನಿರಬಹುದು ಅನ್ನೋದು ಆ ಅಂಗಡಿಯಲ್ಲಿ ಯಾರ ತಲೆಗೂ ಬರಲಿಲ್ಲ.

ಆದ್ರೆ ತೊಳೆಯೋದು, ಪರಿಮಳ ಹಚ್ಚೋದು ಎರಡೂ ಒಂದೇ ಕೆಲಸ ಅಂತ ಯಾವಾಗಿಂದ ಆಯ್ತು? ಕಲ್ಯಾಣ ಚಾಲುಕ್ಯರ ರಾಜ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರಲ್ಲಿ ರಾಜನ ಸುಖಗಳನ್ನ ಹೇಳುವಾಗ ಸ್ನಾನಭೋಗ ಒಂದು, ವಿಲೇಪನಭೋಗ ಇನ್ನೊಂದು. ಅಂದ್ರೆ ಮೈ ತೊಳೆಯೋದಕ್ಕೆ ಒಂದು ಲೆಕ್ಕ, ತೊಳೆದ ಮೈಗೆ ಗಂಧ ಪೂಸೋದಕ್ಕೆ ಬೇರೆ ಲೆಕ್ಕ. ಅದಕ್ಕೂ ಮುಂಚೆ, 11ನೇ ಶತಮಾನದಲ್ಲಿ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲೂ ಸುಗಂಧ ತಯಾರಿಗೆ ಅಂತಲೇ ಒಂದು ಭಾಗ ಇದೆ. ನಮ್ಮ ಅಜ್ಜಿ ಮನೆಯ ಪದ್ಧತಿಯೂ ಅದೇ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೇಪುಡಿ. ಸ್ನಾನ ಆದ ಮೇಲೆ, ಬೇಕಿದ್ದವರು ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಇಟ್ಟುಕೊಳ್ಳೋರು. ಬೇಡದವರು ಬಿಡೋರು.

ಇವೆರಡನ್ನೂ ಒಂದೇ ಬಿಲ್ಲೆಯೊಳಗೆ ಸೇರಿಸಿದ್ದು ಸೋಪು. ನಮ್ಮಲ್ಲಿ ಅದರ ಹಿಂದೆ ಒಂದು ಮಹಾಯುದ್ಧವೇ ಇದೆ. ಮೈಸೂರು ಸಂಸ್ಥಾನದ ಗಂಧದ ಮರ ಹೆಚ್ಚಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗ್ತಿತ್ತು, ಎಣ್ಣೆ ತೆಗೀತಿದ್ದದ್ದು ಅಲ್ಲಿ. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತವು. ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಮರ ಮಾರೋ ಬದಲು ಎಣ್ಣೆ ನಾವೇ ತೆಗೆಯೋಣ ಅಂತ ಹೊರಟರು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸೋ ವಿಧಾನಕ್ಕೆ ನೆರವಾದರು. 1916ರ ಹೊತ್ತಿಗೆ ಎಣ್ಣೆ ಇಲ್ಲೇ ತಯಾರಾಗ್ತಿತ್ತು. ಎಣ್ಣೆ ಇದೆ, ಮುಂದೇನು? ಎಸ್.ಜಿ. ಶಾಸ್ತ್ರಿ ಅನ್ನೋ ರಸಾಯನ ತಜ್ಞರನ್ನ ಸೋಪಿನ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದರು. ಹೀಗೆ ಹುಟ್ಟಿದ್ದು ಮೈಸೂರು ಸ್ಯಾಂಡಲ್ ಸೋಪು. ಕಬ್ಬನ್ ಪಾರ್ಕ್ ಹತ್ತಿರ ಶುರುವಾದ ಸರ್ಕಾರಿ ಕಾರ್ಖಾನೆ 1950ರ ದಶಕದಲ್ಲಿ ನಮ್ಮ ಯಶವಂತಪುರದ ಕಡೆಗೆ ಬಂತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿ ಆಯ್ತು. ಈಗ ಮೆಟ್ರೋ ಸ್ಟೇಷನ್ನಿಗೂ ಅದರದ್ದೇ ಹೆಸರು.

ಅಂದ್ರೆ ಗಮನಿಸಿ, ಇಲ್ಲಿ ಮೊದಲು ಬಂದಿದ್ದು ಪರಿಮಳ, ಆಮೇಲೆ ಅದಕ್ಕೊಂದು ಸೋಪು ಹುಡುಕಿದ್ದು! ಕೊಳೆ ತೆಗೆಯೋದು ಎಣ್ಣೆ ಕೊಬ್ಬುಗಳಿಗೆ ಕ್ಷಾರ ಸೇರಿಸಿ ಮಾಡಿದ ಸೋಪಿನ ಹಿಟ್ಟು. ಆ ಹಿಟ್ಟು ಒಣಗಿದ ಮೇಲೆ, ಬಿಲ್ಲೆ ಒತ್ತೋ ಮುಂಚೆ, ಸುಗಂಧ ಬೆರೆಸ್ತಾರೆ. ತೊಳೆಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ಪರಿಮಳ ಇಲ್ಲದಿದ್ರೆ ನನಗ್ಯಾಕೆ ಭಯ? ಈ ಭಯಕ್ಕೂ ಒಂದು ಹುಟ್ಟಿದ ವರ್ಷ ಇದೆ. ಅಮೆರಿಕದಲ್ಲಿ ಒಬ್ಬ ಸರ್ಜನ್, ಆಪರೇಷನ್ ಮಾಡುವಾಗ ಕೈ ಬೆವರಬಾರದು ಅಂತ ಒಂದು ದ್ರಾವಣ ಮಾಡಿಕೊಂಡಿದ್ದ. ಮಗಳು ಎಡ್ನಾ ಮರ್ಫಿ ಅದನ್ನೇ ‘ಓಡೋರೋನೋ’ ಹೆಸರಲ್ಲಿ ಕಂಕುಳಿಗೆ ಅಂತ ಮಾರಿದಳು. 1919ರಲ್ಲಿ ಜೇಮ್ಸ್ ವೆಬ್ ಯಂಗ್ ಅದಕ್ಕೊಂದು ಜಾಹೀರಾತು ಬರೆದ. ಅದರ ತಾತ್ಪರ್ಯ ಇಷ್ಟು: ನಿನ್ನ ಮೈ ವಾಸನೆ ನಿನಗೆ ಗೊತ್ತಾಗಲ್ಲ, ಬೇರೆಯವರಿಗೆ ಗೊತ್ತಾಗುತ್ತೆ, ಆದರೆ ಅವರು ನಿನಗೆ ಹೇಳಲ್ಲ. ಪತ್ರಿಕೆಯ ಓದುಗರಲ್ಲಿ ಸುಮಾರು 200 ಜನ ಸಿಟ್ಟಾಗಿ ಚಂದಾ ನಿಲ್ಲಿಸಿದರು. ಮಾರಾಟ ಮಾತ್ರ ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಮೀರಿ ಏರಿತು. ಅದನ್ನ ಓದಿದಾಗ ನನಗೆ ನಗು ಬಂತು. ಮೂಗು ಸರಿ ಇದ್ದವರಿಗೆಲ್ಲ ‘ನಿಮಗೂ ಗೊತ್ತಾಗಲ್ಲ’ ಅಂತ ಹೆದರಿಸಿ ಮಾರಿದ್ದಾರಲ್ಲ! ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಸದಾ ಜೊತೆಗಿರೋ ವಾಸನೆಗೆ ಯಾರ ಮೂಗಾದ್ರೂ ಒಗ್ಗಿಕೊಂಡು ಸುಮ್ಮನಾಗುತ್ತೆ. ನಾನು ಈ ಸಾಲಿನ ಕೊನೆಯಲ್ಲಿ ನಿಂತಿದ್ದೀನಿ ಅಷ್ಟೆ.

ಸುಗಂಧ ಇಲ್ಲದ್ದನ್ನೇ ಹೇಳಿಕೊಂಡು ಮಾರೋ ಕಾಲ ಆಮೇಲೆ ಬಂತು, ಅದೂ ಚರ್ಮದ ಅಲರ್ಜಿ ಇರೋರಿಗೋಸ್ಕರ. 1968ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕ್ಲಿನಿಕ್ ಬ್ರ್ಯಾಂಡು ‘ನೂರಕ್ಕೆ ನೂರು ಫ್ರಾಗ್ರೆನ್ಸ್ ಫ್ರೀ’ ಅಂತ ಹೆಸರು ಮಾಡಿತು. ಆದ್ರೆ ಇಲ್ಲೊಂದು ಮೋಸ ಇದೆ, ನಾನೂ ಅದರಲ್ಲಿ ಬಿದ್ದವನೇ. ‘ಅನ್‌ಸೆಂಟೆಡ್’ ಅಂತ ಬರೆದಿರೋದರಲ್ಲಿ ಸುಗಂಧ ಇರಬಹುದು! ಕಚ್ಚಾ ಪದಾರ್ಥದ ವಾಸನೆ ಮುಚ್ಚೋಕೆ ಬೇರೊಂದು ಸುಗಂಧ ಹಾಕಿರ್ತಾರೆ. ‘ಫ್ರಾಗ್ರೆನ್ಸ್ ಫ್ರೀ’ ಅಂದ್ರೆ ಸುಗಂಧವನ್ನೇ ಸೇರಿಸಿಲ್ಲ ಅಂತ. ಬೇರೆಯವರು ಮೂಸಿ ನೋಡಿ ತಗೋತಾರೆ. ನಾನು ಮೊಬೈಲ್ ಕ್ಯಾಮೆರಾದಲ್ಲಿ ಹಿಂದಿನ ಸಣ್ಣ ಅಕ್ಷರ ಝೂಮ್ ಮಾಡಿ, ‘ಪರ್ಫ್ಯೂಮ್’ ಅನ್ನೋ ಪದ ಇದೆಯಾ ಅಂತ ಹುಡುಕ್ತೀನಿ. ಸೋಪಾದ್ರೆ ಟಿಎಫ್‌ಎಂ ನೋಡ್ತೀನಿ, ಅಂದ್ರೆ ಒಟ್ಟು ಕೊಬ್ಬಿನಾಮ್ಲದ ಪ್ರಮಾಣ. ನಮ್ಮ ಬಿಐಎಸ್ ಮಾನದಂಡದಲ್ಲಿ ಶೇ 76 ಅಥವಾ ಹೆಚ್ಚಿದ್ರೆ ಗ್ರೇಡ್ 1. ಮೂಗಿಗಿಂತ ಈ ನಂಬರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಕಂಕುಳಿಗೆ ಈಗ ಡಿಯೋ ಇಲ್ಲ. ಬೆವರಿಗೆ ತಾನಾಗೇ ಅಷ್ಟೇನೂ ವಾಸನೆ ಇರಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನ ತಿಂದಾಗ ಬರೋದು. ಡಿಯೋದ ಪರಿಮಳ ಅದನ್ನ ಮುಚ್ಚುತ್ತೆ. ಬೆವರನ್ನೇ ಕಮ್ಮಿ ಮಾಡೋ ಆಂಟಿಪರ್ಸ್ಪಿರೆಂಟ್‌ನಲ್ಲಿ ಇರೋದು ಅಲ್ಯುಮಿನಿಯಂ ಲವಣ. ಕಟಿಂಗ್ ಶಾಪಿನಲ್ಲಿ ಶೇವಿಂಗ್ ಆದ ಮೇಲೆ ಮುಖಕ್ಕೆ ಉಜ್ಜುತ್ತಾರಲ್ಲ, ಪಟಿಕದ ಕಲ್ಲು, ಆಲಮ್, ಅದೂ ಅದೇ ಜಾತಿ. ಅಗ್ಗ, ಪರಿಮಳ ಇಲ್ಲ. ಸ್ನಾನ ಆದ ತಕ್ಷಣ ಒದ್ದೆ ಕಂಕುಳಿಗೆ ನಾಲ್ಕು ಸಲ ಉಜ್ಜಿ ಒಣಗೋಕೆ ಬಿಡ್ತೀನಿ. ಅಂಗಿ ಒಂದೇ ದಿನ, ಚೆನ್ನಾಗಿದ್ರೂ ಎರಡನೇ ದಿನಕ್ಕಿಲ್ಲ. ಆದರೂ ಬೇಸಿಗೆಯಲ್ಲಿ ಮನೆ ಬಿಡೋ ಮುಂಚೆ ಅಮ್ಮನ ಎದುರು ನಿಂತು ‘ಸರಿ ಇದೆಯಾ?’ ಅಂತ ಕೇಳ್ತೀನಿ. ಇಪ್ಪತ್ತೇಳು ವರ್ಷದವನು ದಿನಾ ಇದನ್ನ ಕೇಳೋದು ಸುಲಭ ಅಲ್ಲ, ಅಭ್ಯಾಸ ಆಗೋಕೆ ಒಂದು ವರ್ಷ ಬೇಕಾಯ್ತು.

ಅಮ್ಮನಿಗೆ ನನ್ನ ಹೊಸ ಸೋಪು ಇಷ್ಟ ಇಲ್ಲ. ‘ನಿನಗೆ ಬರದಿದ್ರೆ ಏನಂತೆ, ನಮಗೆ ಬರುತ್ತಲ್ಲೋ’ ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹಾಗಾಗಿ ಹಬ್ಬದ ದಿನ ನಾನೂ ಅವರ ಸ್ಯಾಂಡಲ್ ಸೋಪಲ್ಲೇ ಸ್ನಾನ ಮಾಡ್ತೀನಿ. ಅದರ ಖಾಲಿ ಡಬ್ಬಿಗಳನ್ನ ಅವರು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡ್ತಾರೆ, ನಿಮ್ಮ ಮನೆಯಲ್ಲೂ ಇರಬಹುದು. ಮೊನ್ನೆ ಒಂದು ಡಬ್ಬಿ ತೆಗೆದು ಅವರ ಕೈಗೆ ಕೊಟ್ಟು, ‘ಇನ್ನೂ ಇದೆಯಾ?’ ಅಂತ ಕೇಳಿದೆ. ಮೂಸಿ ನೋಡಿದ್ರು. ‘ಕಮ್ಮಿಯಾಗಿದೆ ಕಣೋ, ಈ ಸೋಪು ಮುಗೀಲಿ, ಇದನ್ನ ಬದಲಾಯಿಸೋಣ’ ಅಂದ್ರು.

ಮುಂದಿನ ವಾರ ಸಿಗೋಣ.