ಎರಡು ಸೂರ್ಯೋದಯ ಕಂಡ ವಿಮಾನ



ಮುಂಬಯಿಯಲ್ಲಿರುವ ನಮ್ಮ ಜನರನ್ನು ಉಡುಪಿ ಎಷ್ಟು ದೂರ ಅಂತ ಕೇಳಿ. ಕಿಲೋಮೀಟರ್ ಲೆಕ್ಕ ಯಾರೂ ಹೇಳುವುದಿಲ್ಲ. 'ಒಂದು ರಾತ್ರಿ ಪ್ರಯಾಣ' ಅನ್ನುತ್ತಾರೆ. ಊರಿನ ದೂರವನ್ನು ನಾವು ಅಳೆಯುವುದೇ ಗಂಟೆಗಳಲ್ಲಿ. ಈ ಸಲ ಹೇಳಹೊರಟಿರುವುದೂ ಅಂಥದೇ ಒಂದು ದೂರದ ಕಥೆ. ಆಸ್ಟ್ರೇಲಿಯದ ಪರ್ತ್ ನಗರದಿಂದ ಸಿಂಹಳದ ಗಾಲೆ ಬಳಿಯ ಕೊಗ್ಗಲ ಕೆರೆಗೆ.

ನೇರವಾಗಿ ಗೆರೆ ಎಳೆದರೆ ಸುಮಾರು 5,650 ಕಿ.ಮೀ. ಇಂದಿನ ಜೆಟ್ ವಿಮಾನಕ್ಕೆ ಏಳು ಗಂಟೆಯ ಕೆಲಸ. 1943ರಲ್ಲಿ ಇದಕ್ಕೆ 27ರಿಂದ 33 ಗಂಟೆ ಹಿಡಿಯುತ್ತಿತ್ತು. ನಡುವೆ ಎಲ್ಲೂ ಇಳಿಯುವ ಹಾಗಿಲ್ಲ, ಕೆಳಗೆ ಬರೀ ನೀರು.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾಯಿತು. ಅದರೊಂದಿಗೆ ಆಸ್ಟ್ರೇಲಿಯ ಮತ್ತು ಇಂಗ್ಲೆಂಡ್ ನಡುವಿನ ವಿಮಾನ ಮಾರ್ಗವೂ ಕಡಿದುಹೋಯಿತು. ಕಡಿದದ್ದನ್ನು ಜೋಡಿಸಲು 1943ರ ಜುಲೈಯಲ್ಲಿ ಕ್ವಾಂಟಾಸ್ ಕಂಪನಿ ಐದು ಕ್ಯಾಟಲೀನಾಗಳನ್ನು ಹಿಂದೂ ಮಹಾಸಾಗರದ ಮೇಲೆ ಹಾರಿಸತೊಡಗಿತು. ಇವು ನೀರಿನ ಮೇಲಿಂದಲೇ ಏಳುವ, ನೀರಿಗೇ ಇಳಿಯುವ ವಿಮಾನಗಳು. ಪರ್ತ್‌ನಲ್ಲಿ ಸ್ವಾನ್ ನದಿಯೇ ಇವಕ್ಕೆ ರನ್‌ವೇ. ವೇಗ ಗಂಟೆಗೆ ಸುಮಾರು 200 ಕಿ.ಮೀ. ಅಷ್ಟು ದೂರಕ್ಕೆ ಬೇಕಾದ ಪೆಟ್ರೋಲಿನ ಭಾರವೇ ಎಷ್ಟಿತ್ತೆಂದರೆ, ಅದು ಹೋಗಿ ಮೂವರು ಪ್ರಯಾಣಿಕರಿಗೆ ಮತ್ತು 69 ಕಿಲೋ ಅಂಚೆಗೆ ಮಾತ್ರ ಜಾಗ. ಹೊರಟ ಮೊದಲ ಗಂಟೆಗಳಲ್ಲಿ ಎರಡರಲ್ಲಿ ಒಂದು ಎಂಜಿನ್ ಕೆಟ್ಟರೂ ಆ ಭಾರ ಹೊತ್ತು ಮುಂದೆ ಹಾರುವುದು ಸಾಧ್ಯವಿರಲಿಲ್ಲ.

ಜಪಾನೀ ವಿಮಾನಗಳ ಕೈಗೆ ಸಿಗಬಹುದಾದ ಭಾಗವನ್ನು ಕತ್ತಲಲ್ಲೇ ದಾಟುವಂತೆ ಹೊರಡುವ ವೇಳೆ ಗೊತ್ತುಮಾಡುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು, ರೇಡಿಯೋ ಮೌನ. ಬಾಯಿ ಬಿಟ್ಟರೆ ಶತ್ರುವಿಗೆ ಸುಳಿವು. ಮೈಕಿನ ಮುಂದೆ ಐದು ಸೆಕೆಂಡ್ ಸುಮ್ಮನಾದರೆ ಎದೆ ಹೊಡೆದುಕೊಳ್ಳುವ ನನ್ನಂಥವಳಿಗೆ ಇದನ್ನು ಊಹಿಸಿಕೊಳ್ಳುವುದೇ ಕಷ್ಟ. ದಾರಿ ಕೇಳುವಂತಿಲ್ಲ, ಬಂದೆವೆಂದು ಹೇಳುವಂತಿಲ್ಲ. ನಕ್ಷತ್ರ ನೋಡಿ, ಲೆಕ್ಕ ಹಾಕಿ, ದಿಕ್ಕು ತಿದ್ದಿಕೊಳ್ಳಬೇಕು. ವಿಮಾನಗಳಿಗೆ ಆಲ್ಟೇರ್, ವೇಗಾ, ರೈಜೆಲ್, ಅಂಟಾರೆಸ್, ಸ್ಪೈಕಾ ಎಂದು ಇಟ್ಟ ಹೆಸರುಗಳೂ ಚುಕ್ಕಿಗಳವೇ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ಇವುಗಳಲ್ಲಿ ಸೇರಿವೆ!

ಒಂದೇ ಪ್ರಯಾಣದಲ್ಲಿ, ಆಕಾಶದಲ್ಲಿದ್ದಂತೆಯೇ, ಎರಡು ಬಾರಿ ಸೂರ್ಯ ಹುಟ್ಟುವುದನ್ನು ಕಾಣುತ್ತಿದ್ದರು. ದಾಟಿ ಬಂದ ಪ್ರಯಾಣಿಕರಿಗೆ 'ಎರಡು ಸೂರ್ಯೋದಯಗಳ ರಹಸ್ಯ ಸಂಘ'ದ ಸದಸ್ಯರೆಂದು ಒಂದು ಪ್ರಮಾಣಪತ್ರ. ಅತಿ ದೀರ್ಘ ಹಾರಾಟ 32 ಗಂಟೆ 9 ನಿಮಿಷ. ಪರ್ತ್‌ನಿಂದ ಲಂಡನ್ನಿಗೇ 2018ರಲ್ಲಿ ಆರಂಭವಾದ ನೇರ ವಿಮಾನ 14,498 ಕಿ.ಮೀ. ದೂರವನ್ನು ಸುಮಾರು 17 ಗಂಟೆಯಲ್ಲಿ ಮುಗಿಸುತ್ತದೆ.

1945ರ ಜುಲೈವರೆಗೆ ಕ್ಯಾಟಲೀನಾಗಳು 271 ಬಾರಿ ಸಾಗರ ದಾಟಿದವು. ಒಂದೂ ಕಳೆದುಹೋಗಲಿಲ್ಲ. ಆದರೆ ಅವು ಅಮೆರಿಕದಿಂದ ಯುದ್ಧಕಾಲದ ಸಾಲದ ಕರಾರಿನ ಮೇಲೆ ಬಂದವು. ಯುದ್ಧ ಮುಗಿದ ಮೇಲೆ ಇಟ್ಟುಕೊಳ್ಳುವಂತಿರಲಿಲ್ಲ. ಐದನ್ನೂ ಆಸ್ಟ್ರೇಲಿಯದ ಕಡಲಿಗೆ ಒಯ್ದು ಬೇಕೆಂದೇ ಮುಳುಗಿಸಿದರು.